ಪರೇಲಿನಲ್ಲಿ ಆರು ವಾರ

ಪರೇಲ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ರೈಲು ಬದಲಿಸುವ ಜಾಗ. ನಾನೂ ಹದಿನಾಲ್ಕು ವರ್ಷ ಡೊಂಬಿವಲಿಯ ಲೋಕಲ್‌ನಿಂದ ಅಲ್ಲಿ ಇಳಿದು, ಸೇತುವೆ ಹತ್ತಿ ಪ್ರಭಾದೇವಿ ಸ್ಟೇಷನ್ನಿಗೆ ಓಡಿದವನೇ. ಸ್ಟೇಷನ್ನಿನ ಪೂರ್ವಕ್ಕೆ ಏನಿದೆ ಎಂದು ಕಣ್ಣುಬಿಟ್ಟು ನೋಡಿದ್ದು ಹೋದ ವರ್ಷ. ವಿಜಯಪುರ ಜಿಲ್ಲೆಯ ನಮ್ಮ ಹಳ್ಳಿಯಿಂದ ಸೋದರಮಾವ ಮತ್ತು ಅತ್ತೆ ಕಾಗದಪತ್ರದ ಚೀಲ ಹಿಡಿದು ದಾದರಿನಲ್ಲಿ ಇಳಿದಾಗ.

ಮಾವನಿಗೆ ಬಾಯಿಯ ಕ್ಯಾನ್ಸರ್. ಆಪರೇಷನ್ ಮೊದಲೇ ಆಗಿತ್ತು, ಈಗ ರೇಡಿಯೇಶನ್.

ಪರೇಲಿನ ಪೂರ್ವಭಾಗ ಆಸ್ಪತ್ರೆಗಳದೇ ಒಂದು ಊರು. 1926ರ ಕೆಇಎಂ, 1941ರ ಟಾಟಾ ಮೆಮೋರಿಯಲ್, ವಾಡಿಯಾ ಮಕ್ಕಳ ಆಸ್ಪತ್ರೆ, ಎಲ್ಲ ಅಕ್ಕಪಕ್ಕದಲ್ಲೇ. ಸುತ್ತಲಿನದು ಹಿಂದಿನ ಗಿರಣಗಾಂವ್. 1982ರ ಮುಷ್ಕರದ ನಂತರ ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿ, ಆ ಜಾಗಗಳಲ್ಲಿ ಮಾಲು, ಟವರುಗಳು ಎದ್ದವು. ಇತ್ತ ಫುಟ್‌ಪಾತಿನ ಮೇಲೆ ತಾಡಪತ್ರಿ ಕಟ್ಟಿಕೊಂಡು ಬಿಹಾರ, ಬಂಗಾಳ, ಉತ್ತರ ಪ್ರದೇಶದ ಸಂಸಾರಗಳು. ಮೂಗಿಗೆ ನಳಿಗೆ ಹಾಕಿಸಿಕೊಂಡವರು ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕೂತಿರುತ್ತಾರೆ.

ವಾರಕ್ಕೆ ಐದು ದಿನ, ಆರು ವಾರ ರೇಡಿಯೇಶನ್ ಎಂದರು. ಮಷೀನಿನ ಕೆಳಗೆ ಮಲಗುವುದು ದಿನಕ್ಕೆ ಹತ್ತು ಹದಿನೈದು ನಿಮಿಷ. ಉಳಿದ ಹೊತ್ತೆಲ್ಲ ಮುಂಬಯಿಯಲ್ಲಿ ಬದುಕಬೇಕಲ್ಲ?

ನನ್ನದು ಒಂದು ರೂಮು-ಕಿಚನ್ನಿನ ಮನೆ. ಹೆಂಡತಿ, ಇಬ್ಬರು ಮಕ್ಕಳು. ಸಾಲದ ಕಂತು, ಶಾಲೆಯ ಫೀ, ಕಿರಾಣಿ ಕಳೆದರೆ ತಿಂಗಳ ಇಪ್ಪತ್ತನೇ ತಾರೀಖಿಗೆ ಕೈ ಖಾಲಿ. ಗಂಟಲು ಸುಟ್ಟುಕೊಂಡ ಮಾವನನ್ನು ದಿನಾ ಲೋಕಲ್‌ನಲ್ಲಿ ಒಂದು ಗಂಟೆಗೂ ಮೀರಿ ನಿಲ್ಲಿಸಿ ತರುವುದು ಆಗದು ಎಂದೆ. ಅದು ನಿಜ. ಮನೆಯಲ್ಲಿ ಇಟ್ಟುಕೊಳ್ಳುವ ಧೈರ್ಯ ನನಗೆ ಇರಲಿಲ್ಲ ಎಂಬುದೂ ನಿಜ. ದಾದರಿನಲ್ಲಿ ದಿನಕ್ಕೆ 700 ರೂಪಾಯಿಯ ಕೋಣೆ ಹಿಡಿದುಕೊಟ್ಟೆ.

ಅತ್ತೆ ಊರಿಂದ ಒಂದು ಗಂಟು ಕಡಕ್ ರೊಟ್ಟಿ, ಶೇಂಗಾ ಹಿಂಡಿ ತಂದಿದ್ದರು. ಮಾವನಿಗೆ ಅಗಿಯಲು ಬರುತ್ತಿರಲಿಲ್ಲ. ರೊಟ್ಟಿ ಪುಡಿಮಾಡಿ ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದರು. ಮಗನ ಹಳೇ ನೋಟುಬುಕ್ಕಿನಲ್ಲಿ ಚಹಾ, ಹಾಲು, ಎಳನೀರು, ಟ್ಯಾಕ್ಸಿ ಎಲ್ಲ ಬರೆದಿಡುತ್ತಿದ್ದರು.

ಒಂಬತ್ತನೇ ದಿನ ಸಂಜೆ ಅತ್ತೆ ಫೋನ್ ಮಾಡಿದರು. "ತಮ್ಮಾ, ನಿಮ್ಮ ಮಾವ ಸಾಕು, ಊರಿಗಿ ಹೋಗೂಣು ಅನ್ನಾಕತ್ತಾರ. ಒಂದು ಎತ್ತು ಮಾರಿ ಬಂದೀವಿ. ಜಡ್ಡಿಗಿ ಹೋಗಿದ್ದು ಕಡಿಮಿ, ಹೊಟ್ಟಿಗಿ, ಖೋಲಿಗಿ ಹೋಗಿದ್ದ ಹೆಚ್ಚಾತು."

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ರಜೆ ಹಾಕಿ ಆಸ್ಪತ್ರೆಯ ಮೆಡಿಕಲ್ ಸೋಷಿಯಲ್ ವರ್ಕ್ ವಿಭಾಗಕ್ಕೆ ಹೋದೆ. ಮೊದಲ ದಿನವೇ ಹೋಗಬೇಕಿತ್ತು. ಅಲ್ಲಿಂದ ಚೀಟಿ ಹಿಡಿದು ದಾದರಿನ ಗಾಡಗೇ ಮಹಾರಾಜರ ಹೆಸರಿನ ಧರ್ಮಶಾಲೆಗೆ. ಎರಡು ದಿನ ಕಾದ ಮೇಲೆ ಕಡಿಮೆ ದರದಲ್ಲಿ ಜಾಗ ಸಿಕ್ಕಿತು. ಅತ್ತೆ ಅಲ್ಲಿಯ ಹಾಸಿಗೆ ಮುಟ್ಟಿ ನೋಡಿ, "ಇನ್ನ ಪೂರಾ ಮುಗಿಸ್ಕೊಂಡ ಹೋಗೂಣು ಬಿಡು" ಅಂದರು. ಮಾವ ತಲೆಯಾಡಿಸಿದರು. ನನಗೆ ಹಗುರವಾಯಿತು. ನನ್ನ ಮನೆಗೆ ಕರೆದೊಯ್ಯುವ ಮಾತು ಇನ್ನು ಬರುವುದಿಲ್ಲ ಎಂಬ ನಿರಾಳವೂ ಅದರೊಳಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಆಯುಷ್ಮಾನ್ ಕಾರ್ಡಿನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಹೊರಗೆ ಕಾಯುವ ದಿನಗಳ ಊಟ, ಬಾಡಿಗೆ ಅದರಲ್ಲಿ ಬರುವುದಿಲ್ಲ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರ ಕಿಸೆಯಿಂದ ನೇರವಾಗಿ ಹೋಗುವುದು 2013-14ರಲ್ಲಿ ಶೇ. 64.2 ಇದ್ದದ್ದು 2021-22ಕ್ಕೆ ಶೇ. 39.4ಕ್ಕೆ ಇಳಿದಿದೆ ಎಂದು ಸರ್ಕಾರದ ಲೆಕ್ಕ ಹೇಳುತ್ತದೆ. ಒಳ್ಳೆಯದೇ. ಆದರೆ ತಪ್ಪಿದ ಕೂಲಿ, ಮಾರಿದ ಎತ್ತು ಆ ಲೆಕ್ಕದಲ್ಲಿ ಸೇರುವುದಿಲ್ಲ.

ನಲವತ್ತನಾಲ್ಕನೇ ದಿನ ಅತ್ತೆ ನೋಟುಬುಕ್ಕು ನನ್ನ ಕೈಗೆ ಕೊಟ್ಟು ಕೂಡಿಸಲು ಹೇಳಿದರು. ಕಾರ್ಡಿನ ಹೊರಗಿನ ಔಷಧಿ, ತಪಾಸಣೆಗೆ 16,400. ಊಟ, ವಸತಿ, ಓಡಾಟಕ್ಕೆ 37,600. ಅತ್ತೆಯ ಮಾತು ಸುಳ್ಳಾಗಿರಲಿಲ್ಲ.

ಹಿಂದಿರುಗುವಾಗ ಆಸ್ಪತ್ರೆಯ ಫಾರ್ಮ್ ತುಂಬಿಸಿ ರೈಲ್ವೆ ರಿಯಾಯಿತಿ ಪಡೆದೆವು. ಕ್ಯಾನ್ಸರ್ ರೋಗಿಗೆ ಸ್ಲೀಪರಿನಲ್ಲಿ ಪೂರ್ತಿ ಮಾಫಿ, ಜೊತೆಯಲ್ಲಿ ಹೋಗುವವರೊಬ್ಬರಿಗೆ ಶೇ. 75. ಬರುವಾಗ ಇದು ಗೊತ್ತಿರಲಿಲ್ಲ, ಪೂರ್ತಿ ಟಿಕೆಟ್ ತೆತ್ತಿದ್ದರು.

ಮಾವ ಈಗ ಮೆತ್ತಗಿನ ಅನ್ನ ಉಣ್ಣುತ್ತಾರೆ, ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಾರೆ. ಆಗ ನಮ್ಮ ಮನೆಯಲ್ಲೇ ಉಳಿಯುತ್ತಾರೆ. ಎರಡು ರಾತ್ರಿ ಮಕ್ಕಳು ಅಡುಗೆಮನೆಯಲ್ಲಿ ಮಲಗುತ್ತಾರೆ, ಅಷ್ಟೇ.

ಊರಿಂದ ನಿಮಗೂ ಇಂಥ ಫೋನ್ ಬಂದೀತು. ಆಪರೇಷನ್ನಿಗೆ ಎಷ್ಟಾಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನೀವು ಮೊದಲು ಎಲ್ಲಿ ಇಳಿದುಕೊಳ್ಳುತ್ತೀರಿ, ಊಟಕ್ಕೇನು ಎಂದು ಕೇಳಿ. ನಾನು ಅದನ್ನು ಒಂಬತ್ತು ದಿನ ತಡವಾಗಿ ಕೇಳಿದೆ.