ಒಂದು ಸಿಮ್ ಕಾರ್ಡ್, ಒಬ್ಬ ಕಂಬಳಿ ವ್ಯಾಪಾರಿ

ಕಳೆದ ತಿಂಗಳು ರಾಜ್ಯಶಾಸ್ತ್ರ ತರಗತಿಯಲ್ಲಿ ಮೂಲಭೂತ ಹಕ್ಕುಗಳ ಪಾಠ ನಡೆಯುತ್ತಿತ್ತು. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುವ ಸಂವಿಧಾನದ 22ನೇ ವಿಧಿಯನ್ನು ವಿವರಿಸುತ್ತಾ ಮೇಡಂ ಒಂದು ಉದಾಹರಣೆ ಕೊಟ್ಟರು. ಕೈಲಿ ಮೂರ್-ಗಿಲ್ಬರ್ಟ್ ಆಗ ಮೆಲ್ಬರ್ನ್ ವಿಶ್ವವಿದ್ಯಾನಿಲಯದಲ್ಲಿ ಇಸ್ಲಾಮಿಕ್ ಅಧ್ಯಯನದ ಉಪನ್ಯಾಸಕಿಯಾಗಿದ್ದರು. ಬ್ರಿಟನ್ ಮತ್ತು ಆಸ್ಟ್ರೇಲಿಯಾ ಎರಡೂ ದೇಶಗಳ ಪೌರತ್ವ ಅವರಿಗಿತ್ತು. 2018ರಲ್ಲಿ ವಿಚಾರ ಸಂಕಿರಣಕ್ಕೆಂದು ಇರಾನಿಗೆ ಹೋದವರನ್ನು ಮರಳುವಾಗ ಟೆಹ್ರಾನ್ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಗೂಢಚಾರಿಣಿ ಎಂದು 10 ವರ್ಷ ಶಿಕ್ಷೆಯಾಯಿತು. ಆಕೆ ಆರೋಪವನ್ನು ನಿರಾಕರಿಸುತ್ತಲೇ ಇದ್ದರು. ಎರಡು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದು, 2020ರ ನವೆಂಬರಿನಲ್ಲಿ ಕೈದಿಗಳ ವಿನಿಮಯದಲ್ಲಿ ಹೊರಬಂದರು.

ನನ್ನ ಪಕ್ಕದ ಬೆಳ್ತಂಗಡಿಯ ಗೆಳೆಯ ಕೇಳಿದ: "ಏನೂ ಮಾಡದಿದ್ದರೆ ಅವರು ಯಾಕೆ ಹಿಡಿಯುತ್ತಾರೆ?" ನಾನೂ ತಲೆಯಾಡಿಸಿದೆ. ಬಂಧಿಸಿದ್ದು ಒಂದು ಮುಸ್ಲಿಂ ದೇಶ, ಏನೋ ಕಾರಣ ಇದ್ದೀತು ಎಂಬ ಯೋಚನೆ ನನ್ನ ಮನಸ್ಸಿನಲ್ಲಿತ್ತು. ಈಗ ಅದನ್ನು ಒಪ್ಪಿಕೊಳ್ಳುತ್ತೇನೆ.

ಅಂದು ಸಂಜೆ ಸಿದ್ದಕಟ್ಟೆ ದಾಟಿ ಮನೆ ತಲುಪಿದಾಗ ಮಳೆ. ಚಹಾ ಕುಡಿಯುತ್ತಾ ಉಪ್ಪನಿಗೆ ಈ ವಿಷಯ ಹೇಳಿದೆ. ಅವರು ಗ್ಲಾಸ್ ಕೆಳಗಿಟ್ಟು ಕೇಳಿದರು: "ಡಾಕ್ಟರ್ ಹನೀಫ್ ಗೊತ್ತುಂಟಾ ನಿನಗೆ? ನೀನು ಹುಟ್ಟಿದ ವರ್ಷದ್ದು ಅದು."

ಗೊತ್ತಿರಲಿಲ್ಲ. ಉಪ್ಪ ಹೇಳಿದ್ದನ್ನೂ ಆಮೇಲೆ ನಾನು ಓದಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊಹಮ್ಮದ್ ಹನೀಫ್ ನಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವೈದ್ಯಕೀಯ ಓದಿದವರು. 2007ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದರು. ಆ ವರ್ಷ ಜೂನ್ 26ರಂದು ಬೆಂಗಳೂರಿನಲ್ಲಿ ಅವರಿಗೆ ಹೆಣ್ಣು ಮಗು ಹುಟ್ಟಿತು. ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪ್ ನುಗ್ಗಿಸಿ ದಾಳಿ ನಡೆಯಿತು. ಜೀಪ್ ಓಡಿಸಿದವನು ಬೆಂಗಳೂರಿನವನೇ, ಹನೀಫರ ದೂರದ ಸಂಬಂಧಿ. ಹನೀಫ್ 2006ರಲ್ಲಿ ಬ್ರಿಟನ್ ಬಿಡುವಾಗ ಹಣ ಉಳಿದಿದ್ದ ತನ್ನ ಸಿಮ್ ಕಾರ್ಡನ್ನು ಆ ವ್ಯಕ್ತಿಯ ತಮ್ಮನಿಗೆ ಕೊಟ್ಟಿದ್ದರು. ಸಿಮ್ ಬಗ್ಗೆ ವಿಚಾರಣೆ ಆಗುತ್ತಿದೆ ಎಂದು ತಿಳಿದಾಗ, ಬ್ರಿಟನ್ನಿನ ಪೊಲೀಸ್ ಅಧಿಕಾರಿಯೊಬ್ಬರಿಗೆ ತಾವೇ ಫೋನ್ ಮಾಡಲು ಪ್ರಯತ್ನಿಸಿದ್ದರು. ಸಂಪರ್ಕ ಸಿಗಲಿಲ್ಲ. ಜುಲೈ 2ರಂದು ಮಗುವನ್ನು ನೋಡಲು ಊರಿಗೆ ಹೊರಟವರನ್ನು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಿದರು. ಕೈಯಲ್ಲಿ ಹೋಗುವ ಟಿಕೆಟ್ ಮಾತ್ರ ಇತ್ತು, ಮರಳುವ ಟಿಕೆಟ್ ಇರಲಿಲ್ಲ. ಅದೂ ಅನುಮಾನಕ್ಕೆ ಕಾರಣವಾಯಿತು.

ದಾಳಿ ನಿಜವಾಗಿಯೂ ನಡೆದಿತ್ತು. ಆದ್ದರಿಂದ ಪೊಲೀಸರು ಪ್ರಶ್ನೆ ಕೇಳಿದ್ದರಲ್ಲಿ ತಪ್ಪಿಲ್ಲ. ತಪ್ಪಾದದ್ದು ನಂತರ. ಆರೋಪ ಹೊರಿಸದೆ 12 ದಿನ ಇಟ್ಟುಕೊಂಡರು. ನ್ಯಾಯಾಲಯದಲ್ಲಿ ಆ ಸಿಮ್ ಗ್ಲಾಸ್ಗೋದ ಜೀಪಿನಲ್ಲಿ ಸಿಕ್ಕಿತೆಂದು ಸರ್ಕಾರಿ ವಕೀಲರು ಹೇಳಿದರು. ಅದು ಅಲ್ಲಿ ಸಿಕ್ಕಿರಲೇ ಇಲ್ಲ, ದೂರದ ಲಿವರ್‌ಪೂಲಿನಲ್ಲಿ ಆ ತಮ್ಮನ ಬಳಿ ಇತ್ತು. ಜುಲೈ 16ರಂದು ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟರೆ, ಕೆಲವೇ ಗಂಟೆಗಳಲ್ಲಿ ವಲಸೆ ಸಚಿವರು ವೀಸಾ ರದ್ದು ಮಾಡಿದರು. ಹಾಗಾಗಿ ಹೊರಬರಲಾಗಲಿಲ್ಲ. ಕೊನೆಗೆ ಜುಲೈ 27ರಂದು ಆರೋಪವನ್ನೇ ಕೈಬಿಟ್ಟರು. 29ರಂದು ಹನೀಫ್ ಬೆಂಗಳೂರು ತಲುಪಿ ಮಗುವಿನ ಮುಖ ನೋಡಿದರು.

ಅವರ ಪರ ನಿಂತ ಪೀಟರ್ ರುಸ್ಸೊ, ಸ್ಟೀಫನ್ ಕೀಮ್ ಇಬ್ಬರೂ ಆಸ್ಟ್ರೇಲಿಯಾದ ವಕೀಲರೇ. ಪೊಲೀಸ್ ವಿಚಾರಣೆಯ ದಾಖಲೆಯನ್ನು ಕೀಮ್ ಪತ್ರಿಕೆಗೆ ಕೊಟ್ಟದ್ದರಿಂದ ಜನರಿಗೆ ವಿಷಯ ತಿಳಿಯಿತು. ವೀಸಾ ರದ್ದು ಮಾಡಿದ ಆದೇಶವನ್ನು ಆಗಸ್ಟಿನಲ್ಲಿ ಅಲ್ಲಿನ ನ್ಯಾಯಾಲಯವೇ ತಳ್ಳಿಹಾಕಿತು. 2008ರಲ್ಲಿ ಕ್ಲಾರ್ಕ್ ವಿಚಾರಣಾ ವರದಿ ಹನೀಫರ ತಪ್ಪೇನೂ ಇಲ್ಲ ಎಂದಿತು. 2010ರಲ್ಲಿ ಪರಿಹಾರವೂ ಸಿಕ್ಕಿತು.

ಉಪ್ಪ ಆಗ ದಮ್ಮಾಮಿನಲ್ಲಿದ್ದರು. "ಸುದ್ದಿ ಕೇಳಿದ ರಾತ್ರಿ ನಮ್ಮ ರೂಮಿನ ಏಳು ಜನವೂ ಸಿಮ್ ತೆಗೆದು ನೋಡಿದೆವು. ಯಾರ ಹೆಸರಿನದ್ದು ಯಾರ ಫೋನಿನಲ್ಲಿತ್ತೋ! ನನ್ನದು ಊರಿಗೆ ಹೋದವನೊಬ್ಬ ಬಿಟ್ಟು ಹೋದದ್ದು," ಎಂದರು. ಉಮ್ಮ ಮಾತಾಡಲಿಲ್ಲ. ಈಗ ನನ್ನ ಅಣ್ಣ ಜುಬೈಲಿನಲ್ಲಿದ್ದಾನೆ.

ನನಗೆ ಸಿಟ್ಟು ಬಂತು. ಹೆಸರು ಹನೀಫ್ ಎಂದಾದ್ದರಿಂದಲೇ ಹೀಗಾಯಿತು ಎಂದೆ. ಉಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕಂಬಳಿಯವನ ಹೆಸರೇನು?" ಎಂದು ಕೇಳಿದರು.

ಅದನ್ನು ನಾನು ಮರೆತಿದ್ದೆ. ಕಳೆದ ಡಿಸೆಂಬರಿನಲ್ಲಿ ಉತ್ತರ ಭಾರತದ ಕಂಬಳಿ ವ್ಯಾಪಾರಿಯೊಬ್ಬ ನಮ್ಮ ಊರಿಗೆ ಬಂದಿದ್ದ. ಮನೆಗಳ ಫೋಟೋ ತೆಗೆಯುತ್ತಿದ್ದಾನೆ, ಮಕ್ಕಳ ಕಳ್ಳನಿರಬೇಕು ಎಂದು ವಾಟ್ಸಾಪಿನಲ್ಲಿ ಅವನ ಚಿತ್ರ ಬಂತು. ನಾನು ಅದನ್ನು ಮೂರು ಗ್ರೂಪುಗಳಿಗೆ ಕಳಿಸಿದೆ. ಸಂಜೆಯೊಳಗೆ ಪೇಟೆಯಲ್ಲಿ ಜನ ಸೇರಿ ಅವನನ್ನು ಸುತ್ತುವರಿದರು. ಯಾರೋ ಹಿರಿಯರು ಬಿಡಿಸಿ ಅವನ ಫೋನ್ ನೋಡಿದರೆ, ಇದ್ದದ್ದು ಹೆಂಚಿನ ಮನೆ, ತೆಂಗಿನ ತೋಟ, ಅಂಗಳದ ದಾಸವಾಳ. ತನ್ನ ಮಗಳಿಗೆ ಕಳಿಸಲು ತೆಗೆದದ್ದಂತೆ. ಅವನು ಕಂಬಳಿ ಕಟ್ಟನ್ನು ಹೆಗಲಿಗೇರಿಸಿ ಬಿ.ಸಿ. ರೋಡಿನ ಬಸ್ಸು ಹತ್ತಿದ. ಮತ್ತೆ ಬರಲಿಲ್ಲ. ಅವನ ಹೆಸರನ್ನು ಯಾರೂ ಕೇಳಿರಲಿಲ್ಲ.

ಸುದ್ದಿ ಬಂದರೆ ಮೊದಲು ಪರಿಶೀಲಿಸಬೇಕು, ಇಲ್ಲದಿದ್ದರೆ ಅರಿಯದೆ ಯಾರಿಗೋ ಕೇಡು ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಕಾಗುತ್ತದೆ ಎಂದು ಮದರಸದಲ್ಲಿ ಉಸ್ತಾದರು ಸೂರಾ ಹುಜುರಾತ್ ಕಲಿಸುವಾಗ ವಿವರಿಸಿದ್ದರು. ಪರೀಕ್ಷೆಯಲ್ಲಿ ಅದನ್ನು ಬರೆದು ಪೂರ್ತಿ ಅಂಕವನ್ನೂ ಪಡೆದಿದ್ದೆ.

ಹನೀಫ್ ನಮ್ಮವರೆಂದು ನನಗೆ ನೋವಾಯಿತು. ಕೈಲಿ ನಮ್ಮವರಲ್ಲವೆಂದು ತಲೆಯಾಡಿಸಿದೆ. ಕಂಬಳಿಯವನ ವಿಷಯದಲ್ಲಿ ಅಷ್ಟೂ ಯೋಚಿಸಲಿಲ್ಲ. ಆದರೆ ಮೂವರಿಗೂ ಬೇಕಿದ್ದದ್ದು ಒಂದೇ. ತೀರ್ಮಾನಕ್ಕೆ ಮೊದಲು ಯಾರಾದರೂ ಅವರ ಮಾತನ್ನು ಕೇಳಬೇಕಿತ್ತು, ಸಾಕ್ಷ್ಯವನ್ನು ನೋಡಬೇಕಿತ್ತು. 22ನೇ ವಿಧಿಯಲ್ಲಿ ಮ್ಯಾಜಿಸ್ಟ್ರೇಟರು ಯಾಕೆ ಬರುತ್ತಾರೆ ಎಂಬುದು ನನಗೆ ಅಂದು ಅರ್ಥವಾಯಿತು.

ಆ ರಾತ್ರಿ ಅದೇ ಮೂರು ಗ್ರೂಪುಗಳಿಗೆ ಬರೆದೆ: "ಡಿಸೆಂಬರಿನಲ್ಲಿ ನಾನು ಕಳಿಸಿದ ಸುದ್ದಿ ಸುಳ್ಳು. ಆ ವ್ಯಕ್ತಿ ಯಾವ ತಪ್ಪೂ ಮಾಡಿರಲಿಲ್ಲ. ಕ್ಷಮಿಸಿ." ಒಬ್ಬ ಮಾತ್ರ ಉತ್ತರಿಸಿದ, "ಈಗ ಯಾಕೆ ಮಾರಾಯಾ ಅದು?" ಎಂದು. ಕ್ಷಮೆ ಕೇಳಬೇಕಾದವನ ನಂಬರ್ ನನ್ನ ಬಳಿ ಇಲ್ಲ.

ಮರುದಿನ ಗೆಳೆಯನಿಗೆ ಎಲ್ಲವನ್ನೂ ಹೇಳಿದೆ. ಏನೂ ಮಾಡದಿದ್ದರೂ ಹಿಡಿಯುತ್ತಾರೆ, ಹಿಡಿದವರ ಗುಂಪಿನಲ್ಲಿ ನಾನೂ ಇದ್ದೆ ಎಂದೆ. ಅವನು ಫೋನ್ ತೆಗೆದು, ಡಿಸೆಂಬರಿನ ತನ್ನ ಮೆಸೇಜುಗಳನ್ನು ಹುಡುಕತೊಡಗಿದ.