ಕಡುಚಳಿಯಲ್ಲಿ ಒಣಗುವ ಆಲೂಗೆಡ್ಡೆ

ಪೆರು ಮತ್ತು ಬೊಲಿವಿಯ ದೇಶಗಳ ಗಡಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದಲ್ಲಿ ಟಿಟಿಕಾಕ ಸರೋವರವಿದೆ. ಸುತ್ತಲೂ ಆಂಡೀಸ್ ಪರ್ವತಗಳ ನಡುವಿನ ವಿಶಾಲ ಪ್ರಸ್ಥಭೂಮಿ. ಗಾಳಿ ವಿರಳ, ಮರಗಳೂ ವಿರಳ. ನಮ್ಮ ಪಲ್ಯದ ಆಲೂಗೆಡ್ಡೆಯ ತವರು ಈ ಸೀಮೆಯೇ. ಕೆಚುವಾ ಮತ್ತು ಐಮಾರಾ ಜನರು ತಲೆತಲಾಂತರದಿಂದ ಇಲ್ಲಿ ಅದನ್ನು ಬೆಳೆಯುತ್ತ ಬಂದಿದ್ದಾರೆ.

ತವರಾದರೂ ಬೆಳೆಗೆ ಇಲ್ಲಿ ಭರವಸೆಯಿಲ್ಲ. ಒಂದು ವರ್ಷ ಆಲಿಕಲ್ಲು, ಮತ್ತೊಂದು ವರ್ಷ ಬರ. ಕೂಡಿಡೋಣವೆಂದರೆ ಗೆಡ್ಡೆಯಲ್ಲಿ ನೂರಕ್ಕೆ ಸುಮಾರು 80 ಪಾಲು ನೀರು. ಕೆಲವೇ ತಿಂಗಳಲ್ಲಿ ಮೊಳೆಯುತ್ತದೆ, ಇಲ್ಲವೇ ಕೊಳೆಯುತ್ತದೆ. ಮುಂದಿನ ಬೆಳೆ ಕೈಕೊಟ್ಟರೆ ಮನೆಮಂದಿಗೆಲ್ಲ ಉಪವಾಸ. ಇದಕ್ಕೆ ಅವರು ಕಂಡುಕೊಂಡ ಉಪಾಯವೇ 'ಚುನ್ಯೊ'.

ಭೂಮಧ್ಯರೇಖೆಯ ದಕ್ಷಿಣಕ್ಕಿರುವ ಈ ನಾಡಿನಲ್ಲಿ ಜೂನ್, ಜುಲೈ ಚಳಿಗಾಲ. ಮೋಡವಿಲ್ಲದ ಆಕಾಶ. ಹಗಲು ಸುಡುಬಿಸಿಲು, ರಾತ್ರಿ ನೆಲದ ಶಾಖವೆಲ್ಲ ಆಕಾಶಕ್ಕೆ ಹೊರಟುಹೋಗಿ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಆಗ ಗೆಡ್ಡೆಗಳನ್ನು ಬಯಲಿನಲ್ಲಿ ಹರವುತ್ತಾರೆ. ರಾತ್ರಿ ಅವು ಕಲ್ಲಿನಂತಾಗುತ್ತವೆ, ಹಗಲು ಕರಗಿ ಮೆತ್ತಗಾಗುತ್ತವೆ. ಹೀಗೆ ಕೆಲವು ರಾತ್ರಿ ಕಳೆದ ಮೇಲೆ ಬರಿಗಾಲಿನಲ್ಲಿ ತುಳಿದು ನೀರು ಹಿಂಡುತ್ತಾರೆ, ಸಿಪ್ಪೆಯೂ ಸುಲಿದುಹೋಗುತ್ತದೆ. ಬಳಿಕ ಬಿಸಿಲಿನಲ್ಲಿ ಒಣಗಿಸಿದರೆ ಕಪ್ಪಗಿನ, ಹಗುರವಾದ ಚುನ್ಯೊ ಸಿದ್ಧ. ಅದು ವರ್ಷಗಟ್ಟಲೆ ಕೆಡುವುದಿಲ್ಲ. ಬೇಕಾದಾಗ ನೆನೆಸಿ ಬೇಯಿಸಿದರಾಯಿತು.

ತುಳಿದರೆ ನೀರು ಹೊರಬರುವುದೇಕೆ? ಹೆಪ್ಪುಗಟ್ಟುವಾಗ ನೀರು ಹಿಗ್ಗುತ್ತದೆ; ಮಂಜಿನ ಹರಳುಗಳು ಜೀವಕೋಶಗಳನ್ನು ಒಡೆಯುತ್ತವೆ. ಮನೆಯಲ್ಲಿ ಫ್ರಿಜ್ ಇದ್ದರೆ ಮಕ್ಕಳು ಪರೀಕ್ಷಿಸಬಹುದು. ಆಲೂಗೆಡ್ಡೆಯ ಒಂದು ಹೋಳನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, ಕರಗಿಸಿ, ಹಿಂಡಿ ನೋಡಲಿ. ಹಸಿ ಹೋಳಿನಿಂದ ಬಾರದ ನೀರು ಅದರಿಂದ ಸುರಿಯುತ್ತದೆ.

ಚಳಿ ತಡೆಯುವ ಅಲ್ಲಿನ ಕೆಲವು ತಳಿಗಳು ಬಹಳ ಕಹಿ. ಹಸಿರಾದ ಆಲೂಗೆಡ್ಡೆಯನ್ನು ತಿನ್ನಬಾರದೆಂದು ನಮ್ಮ ಮನೆಗಳಲ್ಲಿ ಹೇಳುವುದು ಯಾವ ವಿಷಕ್ಕೆ ಹೆದರಿಯೋ, ಅದೇ ಬಗೆಯ ವಿಷ ಅವುಗಳಲ್ಲಿದೆ. ಹಿಂಡಿದ ನೀರಿನೊಡನೆ ಅದರಲ್ಲಿ ಒಂದಿಷ್ಟು ಹೋಗುತ್ತದೆ. ಹೆಪ್ಪುಗಟ್ಟಿದ ಗೆಡ್ಡೆಗಳನ್ನು ವಾರಗಟ್ಟಲೆ ಹರಿಯುವ ನೀರಿನಲ್ಲಿಟ್ಟು ಒಣಗಿಸಿದರೆ ಕಹಿ ಇನ್ನಷ್ಟು ತಗ್ಗಿ, ಬೆಳ್ಳನೆಯ 'ತುಂಟ' ಸಿಗುತ್ತದೆ.

ಇಂಕಾ ಅರಸರ ಉಗ್ರಾಣಗಳಲ್ಲಿ ಚುನ್ಯೊ ಇತ್ತು. 16ನೇ ಶತಮಾನದಲ್ಲಿ ಪೊಟೋಸಿಯ ಬೆಳ್ಳಿಗಣಿಗಳಲ್ಲಿ ದುಡಿದವರ ಹೊಟ್ಟೆ ತುಂಬಿಸಿದ್ದೂ ಅದೇ. ಇಂದಿಗೂ ಟಿಟಿಕಾಕದ ಸುತ್ತಲಿನ ಸಂತೆಗಳಲ್ಲಿ ಅದರ ರಾಶಿ ಕಾಣುತ್ತದೆ.

ಆದರೆ ಆಂಡೀಸ್‌ನ ಹಿಮನದಿಗಳು ಈಗ ಹಿಂದೆ ಸರಿಯುತ್ತಿವೆ. ಭೂಮಿ ಬಿಸಿಯಾಗುತ್ತ ಹೋದರೆ ಕಡುಚಳಿಯ ರಾತ್ರಿಗಳೂ ಕಡಿಮೆಯಾದಾವು. ಚಳಿ ಸಾಲದೆ ಅರೆಬರೆ ಹೆಪ್ಪುಗಟ್ಟಿದ ಗೆಡ್ಡೆ ಒಣಗುವುದಿಲ್ಲ, ಕೊಳೆಯುತ್ತದೆ. ಹೊಲದಲ್ಲಿ ನಿಂತ ಪೈರಿಗೆ ಶತ್ರುವಾದ ಚಳಿ, ಕಿತ್ತ ಗೆಡ್ಡೆಗೆ ಕಾವಲುಗಾರ. ಆ ಕಾವಲು ತಪ್ಪಿದರೆ, ಬರದ ವರ್ಷಕ್ಕೆಂದು ಕೂಡಿಟ್ಟ ಚೀಲ ಬರಿದಾಗುತ್ತದೆ.