ತೋಳಿನ ಮೇಲೆ ಗದಗ

ಪುಣೆಯಲ್ಲಿ ನಾವು ಕನ್ನಡದವರು ಗಣೇಶನ ಹಬ್ಬಕ್ಕೆ ಸೇರಿದಾಗ ನನ್ನದೊಂದು ‘ಮನಸ್ಸು ಓದುವ’ ಆಟ ಇರುತ್ತದೆ. ವರ್ಷವಿಡೀ ಕೋಡ್ ಬರೆಯುವವನಿಗೆ ಹತ್ತು ನಿಮಿಷದ ಮಾಂತ್ರಿಕ ಪದವಿ!

ಹೋದ ವರ್ಷದ್ದು ಹೀಗಿತ್ತು. ಎಲ್ಲರೂ ತಮ್ಮ ಊರಿನ ಹೆಸರು ಕೂಗಬೇಕು. ನಾನು ಒಂದೊಂದನ್ನೂ ಚೀಟಿಯಲ್ಲಿ ಬರೆದು ಸ್ಟೀಲ್ ಡಬ್ಬಿಗೆ ಹಾಕಿದೆ. ಒಬ್ಬರು ಒಂದು ಚೀಟಿ ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡರು. ಉಳಿದವನ್ನು ಸುಟ್ಟು, ಬೂದಿಯನ್ನು ನನ್ನ ತೋಳಿಗೆ ತಿಕ್ಕಿದೆ. ಏನೂ ಇಲ್ಲದ ಚರ್ಮದ ಮೇಲೆ ಕಪ್ಪಗೆ ‘ಗದಗ’ ಎಂದು ಮೂಡಿತು. ಮುಷ್ಟಿಯ ಚೀಟಿಯಲ್ಲೂ ಗದಗ.

ಅಕ್ಷರದ ಗುಟ್ಟು ಬಹಳ ಹಳೆಯದು. ಒದ್ದೆ ಸೋಪಿನ ಚೂಪಾದ ತುದಿಯಿಂದ ಬರೆದರೂ ಆದೀತು. ಬೆವರುವ ಆಸಾಮಿ ನಾನು, ಹಾಗಾಗಿ ಬಣ್ಣವಿಲ್ಲದ ಲಿಪ್ ಬಾಮನ್ನು ಬೆಂಕಿಕಡ್ಡಿಗೆ ಹಚ್ಚಿ ಬರೆಯುತ್ತೇನೆ. ಬೂದಿ ಜಿಡ್ಡಿಗೆ ಅಂಟುತ್ತದೆ, ಉಳಿದ ಕಡೆ ಉದುರುತ್ತದೆ. ಗದಗವೇ ಏಕೆ? ಮೂರೇ ಅಕ್ಷರ, ಒತ್ತಿಲ್ಲ, ದೀರ್ಘವಿಲ್ಲ. ಮುಂದಿನ ಸಾಲಿನಲ್ಲಿ ಗದಗದವರೊಬ್ಬರು ಕೂತಿದ್ದರು, ಅವರು ಕೂಗದೆ ಬಿಡುವವರಲ್ಲ.

ನಿಜವಾದ ಮೋಸ ಇದ್ದದ್ದು ಡಬ್ಬಿಯಲ್ಲಿ. ಜನ ಧಾರವಾಡ ಅನ್ನಲಿ, ಉಡುಪಿ ಅನ್ನಲಿ, ನಾನು ಪ್ರತಿ ಚೀಟಿಯಲ್ಲೂ ಬರೆದದ್ದು ಗದಗ. ಬೆಂಕಿ ಬೂದಿಯನ್ನೂ ಕೊಟ್ಟಿತು, ಸಾಕ್ಷಿಯನ್ನೂ ನುಂಗಿತು.

ಊಟದ ಹೊತ್ತಿಗೆ ಒಬ್ಬ ಅಜ್ಜಿ ಬಳಿ ಬಂದರು. ಮಗನ ಮನೆಗೆ ಬಂದಿರುವವರು. “ತಮ್ಮಾ, ನಮ್ಮನಿಯವರ ಗಂಟಲಾಗಿನ ಗಂಟಿನ ರಿಪೋರ್ಟು ಬುಧವಾರ ಬರತದ. ಏನಿರತದ ಅಂತ ಒಂದ್ಸಲ ನೋಡಿ ಹೇಳಪಾ.”

ಶುರುವಿನಲ್ಲಿ ‘ಇದು ಬರೀ ಆಟ’ ಎಂದಿದ್ದೆ. ಅದು ಅವರಿಗೆ ನನ್ನ ವಿನಯದಂತೆ ಕೇಳಿಸಿತ್ತು. ಗುಟ್ಟು ಬಿಡಬಾರದೆಂಬುದು ಜಾದೂಗಾರರ ಕಟ್ಟಳೆ. ಆದರೆ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ ಕತೆಯನ್ನು ಅಪ್ಪನಿಂದ ನೂರು ಸಲ ಕೇಳಿ ಬೆಳೆದವನು ನಾನು. ಅಜ್ಜಿಯನ್ನು ಪಕ್ಕಕ್ಕೆ ಕರೆದು, ಅವರ ಅನುಮತಿ ಕೇಳಿ, ಅವರದೇ ಕೈಮೇಲೆ ಒಂದು ‘ಅ’ ಬರೆದು ಬೂದಿ ತಿಕ್ಕಿದೆ. ಚೀಟಿಯ ವಿಷಯವನ್ನೂ ಹೇಳಿದೆ.

ಅವರು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು, “ಅಂದ್ರ ಬುಧವಾರದ ತನಕ ಕಾಯಬೇಕು ಅನ್ನು” ಎಂದರು. ಆ ಹತ್ತು ನಿಮಿಷ ಅವರಿಗಿದ್ದ ಧೈರ್ಯವನ್ನು ನಾನೇ ಕಿತ್ತುಕೊಂಡೆ ಅನ್ನಿಸಿತು. ಸುಳ್ಳು ಹೇಳಿ ಆ ಧೈರ್ಯ ಉಳಿಸಬಹುದಿತ್ತೇ? ‘ಏನೂ ಇಲ್ಲ ಅಜ್ಜಿ’ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು.

ಬುಧವಾರ ಅವರ ಮಗ ಊರಲ್ಲಿರಲಿಲ್ಲ. ಅರ್ಧ ದಿನ ರಜೆ ಹಾಕಿ ನಾನೇ ಆಸ್ಪತ್ರೆಗೆ ಜೊತೆಯಾಗಿ ಹೋದೆ. ಅಜ್ಜಿಗೆ ಮರಾಠಿ ಬಾರದು, ಲಕೋಟೆ ಒಡೆದು ಓದುವ ಕೆಲಸ ನನ್ನ ಪಾಲಿಗೇ ಬಂತು. ಸುದ್ದಿ ಒಳ್ಳೆಯದಿರಲಿಲ್ಲ. ಚಿಕಿತ್ಸೆ ನಡೆಯುತ್ತಿದೆ, ಅಜ್ಜ ಈಗ ಗಂಜಿ ಬಿಟ್ಟು ಮೆತ್ತಗಿನ ಅನ್ನ ಉಣ್ಣುತ್ತಾರೆ.

ಈ ವರ್ಷವೂ ಅದೇ ಆಟ ಆಡಿದೆ, ಊರು ಮಾತ್ರ ಬೀದರ. ಬೂದಿಗೆ ಹಳೆಯ ಪೇಪರ್ ಸುಟ್ಟೆ. ಚಪ್ಪಾಳೆ ಮುಗಿದ ಮೇಲೆ ಡಬ್ಬಿಯನ್ನು ಮಕ್ಕಳ ಮುಂದೆ ಸುರಿದೆ. ಒಂದೊಂದೇ ಚೀಟಿ ಬಿಚ್ಚಿ, “ಎಲ್ಲಾದ್ರಲ್ಲೂ ಬೀದರ! ಅಂಕಲ್ ಚೀಟಿಂಗ್!” ಎಂದು ಕೂಗಿದರು. ಮಜಾ ಕೆಡಿಸಿದೆ ಎಂದು ಗೆಳೆಯನೊಬ್ಬ ಇನ್ನೂ ಮುನಿಸಿಕೊಂಡಿದ್ದಾನೆ.